ಹಾಯಿದೋಣಿಯ ಟ್ಯಾಂಕಿನಲ್ಲಿ ಡೀಸೆಲ್ ಕೆಡದಂತೆ ಇಡುವುದು ಹೇಗೆ?

ಪ್ರಶ್ನೆ: ನಾನು ಉಡುಪಿ ಕಡೆಯವನು, ಈಗ ಅಮೆರಿಕದ ಮೇರಿಲ್ಯಾಂಡ್ ರಾಜ್ಯದ ಅನಾಪೊಲಿಸ್‌ನಲ್ಲಿದ್ದೇನೆ. ಮೂರು ವರ್ಷದ ಹಿಂದೆ 30 ಅಡಿಯ ಹಳೆಯ ಹಾಯಿದೋಣಿಯೊಂದನ್ನು ಕೊಂಡೆ. ಒಳಗೆ 20 ಎಚ್‌ಪಿ ಡೀಸೆಲ್ ಎಂಜಿನ್, 100 ಲೀಟರಿನ ಅಲ್ಯುಮಿನಿಯಂ ಟ್ಯಾಂಕ್. ಗಾಳಿ ಇದ್ದರೆ ಹಾಯಿಯೇ ಸಾಕು, ಎಂಜಿನ್ ಬೇಕಾಗುವುದು ಜೆಟ್ಟಿ ಬಿಡುವಾಗ ಮತ್ತು ಸೇರುವಾಗ ಮಾತ್ರ. ಕಳೆದ ಬೇಸಿಗೆಯಲ್ಲಿ ಚೆಸಪೀಕ್ ಕೊಲ್ಲಿಯಿಂದ ವಾಪಸ್ ಬರುವಾಗ ಅಲೆ ಜಾಸ್ತಿಯಾಯಿತು. ಎಂಜಿನ್ ಹಾಕಿದ ಐದೇ ನಿಮಿಷಕ್ಕೆ ಅದು ಏದುಸಿರು ಬಿಟ್ಟ ಹಾಗೆ ಮಾಡಿ ನಿಂತುಹೋಯಿತು. ಮೆಕ್ಯಾನಿಕ್ ಫಿಲ್ಟರ್ ಬದಲಿಸಿ, ಡೀಸೆಲ್ ಹಳೆಯದಾಗಿದೆ ಅಂತ ಹೇಳಿ ಹೋದರು. ಎರಡು ವಾರಕ್ಕೆ ಮತ್ತೆ ಅದೇ ಕತೆ. ಚಳಿಗಾಲಕ್ಕೆ ಟ್ಯಾಂಕ್ ತುಂಬಿಸಿಡಿ ಅನ್ನುವವರು ಒಬ್ಬರು, ಖಾಲಿ ಮಾಡಿ ಅನ್ನುವವರು ಇನ್ನೊಬ್ಬರು. ಯಾವುದು ಸರಿ? ಡೀಸೆಲ್‌ಗೆ ಹಾಕುವ ಔಷಧಿಗಳಲ್ಲಿ ಯಾವುದು ಒಳ್ಳೆಯದು?

ಉತ್ತರ: ಮೊದಲು ಒಂದು ಲೆಕ್ಕ ಹಾಕೋಣ. ನಿಮ್ಮಂಥ ಎಂಜಿನ್ ಗಂಟೆಗೆ ಹೆಚ್ಚುಕಡಿಮೆ 2 ಲೀಟರ್ ಕುಡಿಯುತ್ತದೆ. ವರ್ಷಕ್ಕೆ 20 ಗಂಟೆ ಓಡಿಸಿದರೂ 40 ಲೀಟರ್ ಆಯಿತು. ಅಂದರೆ ಒಮ್ಮೆ ತುಂಬಿಸಿದ್ದು ಎರಡೂವರೆ ವರ್ಷ ಒಳಗೇ ಇರುತ್ತದೆ. ಏನೂ ಬೆರೆಸದ ಡೀಸೆಲ್ ಸಾಮಾನ್ಯವಾಗಿ ಆರು ತಿಂಗಳಿಂದ ಒಂದು ವರ್ಷ ಚೆನ್ನಾಗಿರುತ್ತದೆ. ಆಮೇಲೆ ಗಾಳಿಯ ಆಮ್ಲಜನಕ ತಾಗಿ ತಾಗಿ ಬಣ್ಣ ಕಪ್ಪಾಗುತ್ತದೆ, ಅಂಟಂಟು ಗಸಿ ಕಟ್ಟುತ್ತದೆ. ಆದರೆ ವಯಸ್ಸೊಂದೇ ನಿಮ್ಮ ಎಂಜಿನ್ ನಿಲ್ಲಿಸಿದೆ ಅಂತ ನನಗೆ ಅನ್ನಿಸುತ್ತಿಲ್ಲ. ನನ್ನ ಅನುಮಾನ ನೀರಿನ ಮೇಲೆ.

ನೀರು ಡೀಸೆಲ್‌ಗಿಂತ ಭಾರ, ಟ್ಯಾಂಕಿನ ತಳಕ್ಕೆ ಹೋಗಿ ಕೂರುತ್ತದೆ. ಆ ನೀರು ಮತ್ತು ಡೀಸೆಲ್ ಮುಟ್ಟುವ ಗೆರೆಯಲ್ಲಿ ಬೂಷ್ಟು, ಬ್ಯಾಕ್ಟೀರಿಯಾ ಬೆಳೆಯುತ್ತವೆ. ನೀರಿನಲ್ಲಿ ಬದುಕುತ್ತವೆ, ಡೀಸೆಲ್ ತಿನ್ನುತ್ತವೆ. ನೀರಿಲ್ಲದಿದ್ದರೆ ಅವಕ್ಕೆ ಅಲ್ಲಿ ಬಾಳೇ ಇಲ್ಲ. ಅಮೆರಿಕದಲ್ಲಿ ಬಂಕಿನ ಡೀಸೆಲ್‌ಗೆ ಶೇ. 5ರವರೆಗೆ ಬಯೋಡೀಸೆಲ್ (ಸಸ್ಯದ ಎಣ್ಣೆ, ಕೊಬ್ಬಿನಿಂದ ಮಾಡಿದ ಇಂಧನ) ಬೆರೆಸಿದರೂ ಬೇರೆ ಚೀಟಿ ಅಂಟಿಸಬೇಕಾಗಿಲ್ಲ, ಹಾಗಾಗಿ ನಿಮಗೆ ಗೊತ್ತಿಲ್ಲದೆಯೇ ಅದು ನಿಮ್ಮ ಟ್ಯಾಂಕಿನಲ್ಲಿರಬಹುದು. ಬಯೋಡೀಸೆಲ್‌ಗೆ ತೇವ ಹೀರುವ ಗುಣ ಜಾಸ್ತಿ. ದೋಣಿ ಸುಮ್ನೆ ನಿಂತಿರುವಾಗ ಈ ಲೋಳೆ ತಳದಲ್ಲೇ ತೆಪ್ಪಗಿರುತ್ತದೆ. ಅಲೆಗೆ ದೋಣಿ ಕುಲುಕಿದಾಗ ಎಲ್ಲಾ ಮೇಲೆದ್ದು ಸೀದಾ ಫಿಲ್ಟರ್‌ಗೆ ಹೋಗಿ ಮೆತ್ತಿಕೊಳ್ಳುತ್ತದೆ. ಜೆಟ್ಟಿಯಲ್ಲಿ ಚೆನ್ನಾಗಿ ಓಡಿದ ಎಂಜಿನ್ ಅಲೆಯಲ್ಲೇ ಕೈಕೊಡುವುದು ಇದಕ್ಕೇ. ಫಿಲ್ಟರ್ ಬದಲಿಸಿದರೆ ಎರಡು ವಾರದ ನೆಮ್ಮದಿ ಅಷ್ಟೇ, ಗಸಿ ಟ್ಯಾಂಕಿನಲ್ಲೇ ಉಳಿಯಿತಲ್ವಾ?

ಮಂಗಳೂರಿನ ದಕ್ಕೆಯಲ್ಲಿ ಕೆಲಸ ಮಾಡುತ್ತಿದ್ದಾಗ ನಾನೂ ಒಂದು ದೋಣಿಗೆ ಹೀಗೇ ಮೂರು ಫಿಲ್ಟರ್ ಬದಲಿಸಿದ್ದೆ. ನಾಲ್ಕನೇ ಸಲ ತಾಮ್ರದ ಪೈಪು ಇಳಿಸಿ ತಳದಿಂದ ಎಳೆದೆವು. ಗಾಜಿನ ಭರಣಿಗೆ ಬಿದ್ದದ್ದು ಡೀಸೆಲ್ ಅಲ್ಲ, ಕರೀ ಲೋಳೆ, ವಾರಗಟ್ಟಲೆ ತೊಳೆಯದ ಹೂಜಿಯ ತಳದ ಹಾಗೆ, ಕೊಳೆತ ವಾಸನೆ ಬೇರೆ. ಡೆಕ್ಕಿನ ಮೇಲೆ ಡೀಸೆಲ್ ತುಂಬುವ ಬಾಯಿಯ ಮುಚ್ಚಳ ಬಿಚ್ಚಿದರೆ ಅದರ ರಬ್ಬರ್ ರಿಂಗು ಒಣಗಿದ ಹುಣಸೆ ಸಿಪ್ಪೆಯಂತೆ ಕೈಯಲ್ಲೇ ಪುಡಿಯಾಯಿತು. ಪ್ರತಿ ಮಳೆಗೂ, ಡೆಕ್ಕು ತೊಳೆದಾಗಲೆಲ್ಲ ನೀರು ಅಲ್ಲಿಂದಲೇ ಇಳಿದಿತ್ತು. ಟ್ಯಾಂಕಿನೊಳಗಿನ ಗಾಳಿ ಬೆವರಿ ಬರುವ ನೀರು ಹನಿಗಳ ಲೆಕ್ಕ. ಮುಚ್ಚಳದಿಂದ ಇಳಿಯುವುದು ಚೊಂಬಿನ ಲೆಕ್ಕ. ಅದಕ್ಕೇ ನೀವು ಔಷಧಿ ಅಂಗಡಿಗೆ ಹೋಗುವ ಮುಂಚೆ ಆ ರಿಂಗು ನೋಡಿ, ಹೊಸದು ಹಾಕಿ. ಗಾಳಿ ಹೋಗುವ ವೆಂಟ್ ಪೈಪಿನ ಬಾಯಿಗೆ ಅಲೆಯ ನೀರು ಹೊಡೆಯುತ್ತದಾ ಅಂತಲೂ ನೋಡಿ.

ಆಮೇಲೆ ದೋಣಿಯನ್ನು ಎರಡು ದಿನ ಅಲುಗಾಡಿಸದೆ ಬಿಡಿ. ಟ್ಯಾಂಕಿನ ಅತಿ ತಗ್ಗಿನ ಮೂಲೆಗೆ ಪೈಪು ಮುಟ್ಟಿಸಿ ಕೈಪಂಪಿನಿಂದ ಮೂರು ನಾಲ್ಕು ಲೀಟರ್ ತೆಗೆದು, ಗಾಜಿನ ಭರಣಿಯಲ್ಲಿ ರಾತ್ರಿಯಿಡೀ ಇಡಿ. ಬೆಳಗ್ಗೆ ಬೆಳಕಿಗೆ ಹಿಡಿದರೆ ಭರಣಿಯ ಆಚೆ ಕಡೆಯ ಅಕ್ಷರ ಓದಲು ಬರಬೇಕು. ಕೆಳಗೆ ನೀರಿನ ಪದರ, ಅದರ ಮೇಲೆ ಕರೀ ಪೊರೆ ಕಂಡರೆ ರೋಗ ಗೊತ್ತಾಯಿತು. ಶುದ್ಧ ಡೀಸೆಲ್ ಬರುವವರೆಗೆ ಎಳೆಯುತ್ತಿರಿ. ಗೋಡೆಗೇ ಗಸಿ ಅಂಟಿದ್ದರೆ ಟ್ಯಾಂಕಿನ ಕಿಂಡಿ ಬಿಚ್ಚಿ ಒರೆಸಬೇಕು, ಬೇರೆ ದಾರಿಯಿಲ್ಲ. ತೆಗೆದ ಕೊಳಕನ್ನು ದಯವಿಟ್ಟು ಕೊಲ್ಲಿಗೆ ಚೆಲ್ಲಬೇಡಿ, ಹಳೆ ಎಣ್ಣೆ ತೆಗೆದುಕೊಳ್ಳುವ ಕಡೆ ಕೊಡಿ.

ಔಷಧಿ ವಿಚಾರ. ಅಂಗಡಿಯಲ್ಲಿ ಒಂದೇ ಕಪಾಟಿನಲ್ಲಿರುತ್ತವೆ, ಆದರೆ ಕೆಲಸ ಬೇರೆ ಬೇರೆ. ಸ್ಟೆಬಿಲೈಸರ್ ಹೊಸ ಡೀಸೆಲ್ ಹಳೆಯದಾಗುವುದನ್ನು ನಿಧಾನ ಮಾಡುತ್ತದೆ, ಕೆಟ್ಟದ್ದನ್ನು ಒಳ್ಳೆಯದು ಮಾಡುವುದಿಲ್ಲ. ಬಯೋಬೋರ್ ಜೆಎಫ್ ತರಹದ್ದು ಬೂಷ್ಟು ಕೊಲ್ಲುವ ವಿಷ. ಸತ್ತ ಬೂಷ್ಟು ಮಾಯವಾಗುವುದಿಲ್ಲ, ಅದೂ ಗಸಿಯಾಗಿ ಫಿಲ್ಟರ್‌ಗೇ ಬರುತ್ತದೆ. ಹಾಗಾಗಿ ಮೊದಲು ಟ್ಯಾಂಕ್ ಶುದ್ಧ, ಆಮೇಲೆ ವಿಷ. ಡಬ್ಬಿಯ ಮೇಲೆ ಬರೆದಷ್ಟೇ ಹಾಕಿ, ಕೈಗವಸು ತೊಟ್ಟುಕೊಳ್ಳಿ.

ತುಂಬಿಸುವುದಾ, ಖಾಲಿ ಮಾಡುವುದಾ? ನಾನು ತುಂಬಿಸುವವರ ಪಕ್ಷ, ತುಂಬಿದ ಟ್ಯಾಂಕಿನಲ್ಲಿ ಬೆವರುವ ಗಾಳಿಗೆ ಜಾಗ ಕಡಿಮೆ. ಆದರೆ ಒಂದು ಷರತ್ತು. ಬೇಸಿಗೆಯಿಡೀ ಟ್ಯಾಂಕ್ ತುಂಬಿಸಬೇಡಿ. ವಸಂತದಲ್ಲಿ ಇರುವುದನ್ನು ಸುಡುತ್ತಾ ಬನ್ನಿ, ಕಡಿಮೆಯಾದರೆ ಕ್ಯಾನಿನಲ್ಲಿ 20 ಲೀಟರ್ ತಂದು ಹಾಕಿ. ಅಕ್ಟೋಬರ್ ಹೊತ್ತಿಗೆ ಉಳಿದದ್ದು ಸ್ವಲ್ಪವೇ ಆಗಿರಲಿ. ದೋಣಿ ನೀರಿನಿಂದ ಮೇಲೆತ್ತುವ ಮುಂಚೆ, ವ್ಯಾಪಾರ ಜೋರಾಗಿರುವ ಬಂಕಿನಿಂದ ಹೊಸ ಡೀಸೆಲ್ ತಂದು, ಸ್ಟೆಬಿಲೈಸರ್ ಬೆರೆಸಿ ತುಂಬಿಸಿ. ಕುತ್ತಿಗೆವರೆಗೆ ಬೇಡ, ಐದು ಲೀಟರಿನಷ್ಟು ಜಾಗ ಬಿಡಿ. 20 ಡಿಗ್ರಿ ಬಿಸಿ ಏರಿದರೆ 100 ಲೀಟರ್ ಡೀಸೆಲ್ ಒಂದೂವರೆ ಲೀಟರಿಗಿಂತ ಜಾಸ್ತಿ ಉಬ್ಬುತ್ತದೆ. ತುಂಬಿಸಿದ ಮೇಲೆ ಎಂಜಿನ್ 20 ನಿಮಿಷ ಓಡಿಸಿ, ಔಷಧಿ ಬೆರೆತದ್ದು ಎಂಜಿನ್ನಿನೊಳಗೆ ಡೀಸೆಲ್ ಚಿಮ್ಮಿಸುವ ಇಂಜೆಕ್ಟರ್‌ವರೆಗೆ ಮುಟ್ಟಬೇಕು.

ಟ್ಯಾಂಕ್ ಮತ್ತು ಎಂಜಿನ್ ನಡುವೆ ನೀರು ಬೇರ್ಪಡಿಸುವ, ಪಾರದರ್ಶಕ ಬಟ್ಟಲಿನ ಫಿಲ್ಟರ್ ಇಲ್ಲದಿದ್ದರೆ ಹಾಕಿಸಿ. ಪ್ರತಿ ಸಲ ಹೊರಡುವಾಗ ಅದನ್ನು ನೋಡುವುದು ಅಭ್ಯಾಸವಾಗಲಿ. ಫಿಲ್ಟರ್ ಬದಲಿಸಿ, ಡೀಸೆಲ್ ಪೈಪಿನಲ್ಲಿ ಸೇರಿಕೊಂಡ ಗಾಳಿ ತೆಗೆಯುವುದನ್ನು ಜೆಟ್ಟಿಯಲ್ಲೇ ನಾಲ್ಕು ಸಲ ನೀವೇ ಮಾಡಿ ಕಲಿಯಿರಿ, ಬಂಡೆಯ ಪಕ್ಕ ದೋಣಿ ತೇಲುತ್ತಿರುವಾಗ ಕಲಿಯಲು ಆಗುವುದಿಲ್ಲ.

ಪ್ರಶ್ನೆ: ಮಲ್ಪೆಯಲ್ಲಿ ನಮ್ಮ ಟ್ರಾಲ್ ಬೋಟ್ ಮೀನುಗಾರಿಕೆ ನಿಷೇಧದ 61 ದಿನ ನಿಂತಿರುತ್ತದೆ. ನಮಗೂ ಈ ಔಷಧಿ ಬೇಕಾ?

ಉತ್ತರ: ಬೇಡ. ಜೂನ್ 1ರಿಂದ ಜುಲೈ 31ರ ಎರಡು ತಿಂಗಳಿಗೆ ಡೀಸೆಲ್ ಹಳೆಯದಾಗುವುದಿಲ್ಲ, ಆಗಸ್ಟಿನಲ್ಲಿ ಬೋಟ್ ಇಳಿದರೆ ಬೇಗ ಸುಟ್ಟೂ ಹೋಗುತ್ತದೆ. ನಿಮಗೆ ಭಯ ಇರಬೇಕಾದದ್ದು ಮಳೆಯದ್ದು. ಮೇ ಕೊನೆಗೇ ಮುಚ್ಚಳದ ರಿಂಗು ಬದಲಿಸಿ, ಮೇಲೆ ಟಾರ್ಪಾಲು ಕಟ್ಟಿ. ಆಗಸ್ಟಿನಲ್ಲಿ ಎಂಜಿನ್ ಹಾಕುವ ಮುಂಚೆ ಟ್ಯಾಂಕಿನ ತಳದ ನಲ್ಲಿ ತಿರುಗಿಸಿ, ನೀರು ನಿಂತು ಡೀಸೆಲ್ ಬರುವವರೆಗೆ ಬಿಡಿ.