ರಾಜೀನಾಮೆ ಬೇಡ, ಬೇರೆ ಅರ್ಜಿ ಬರೆಯಿರಿ

ಪ್ರಶ್ನೆ: ಮಂಗಳೂರಿನ ಹಂಪನಕಟ್ಟೆಯ ಖಾಸಗಿ ಸಂಸ್ಥೆಯೊಂದರಲ್ಲಿ ಅಕೌಂಟೆಂಟ್ ಆಗಿದ್ದೇನೆ. ಮಲ್ಟಿಪಲ್ ಸ್ಕ್ಲೆರೋಸಿಸ್ ಇದೆಯೆಂದು ಕಳೆದ ವರ್ಷ ಗೊತ್ತಾಯಿತು. ಬೆಳಗ್ಗೆ ಸರಿ ಇರುತ್ತೇನೆ. ಮಧ್ಯಾಹ್ನ ಸೆಕೆ ಏರಿದಂತೆ ಕಾಲು ಭಾರ, ಕಣ್ಣು ಮಂಜು. ಸಂಜೆ ತಣಿದರೆ ವಾಸಿ. "ಬಿಟ್ಟು ಮನೆಯಲ್ಲಿ ವಿಶ್ರಾಂತಿ ತಗೊಳ್ಳಮ್ಮ" ಎನ್ನುತ್ತಾರೆ ಧಣಿಗಳು. ಗಂಡನದ್ದೂ ಅದೇ ಮಾತು. ಏನು ಮಾಡಲಿ?
– ಓದುಗಿ, ಸುರತ್ಕಲ್

ಉತ್ತರ: ಸದ್ಯ ಯಾವುದಕ್ಕೂ ಸಹಿ ಹಾಕಬೇಡಿ. ಧಣಿಗಳಿಗೆ ಕನಿಕರವೇ ಇರಬಹುದು, ಆದರೆ ಬಿಟ್ಟ ಕುರ್ಚಿ ಮತ್ತೆ ಸಿಗುವುದು ಕಷ್ಟ. ಬ್ಯಾಂಕಿನ ಸಿಬ್ಬಂದಿ ವಿಭಾಗದಲ್ಲಿ ಕೂತು ಬೇಕಾದಷ್ಟು ನೋಡಿದ್ದೇನೆ.

ನಿಮ್ಮ ಕಾಯಿಲೆಯಲ್ಲಿ ನರದ ಮೇಲಿನ ಮಯಲಿನ್ ಎಂಬ ಹೊದಿಕೆ ಹಾಳಾಗುತ್ತದೆ. ಹಾಳಾದ ಜಾಗದಲ್ಲಿ, ಮೈ ಸ್ವಲ್ಪ ಬಿಸಿಯಾದರೂ ನರದ ಸಂದೇಶ ತಡವರಿಸುತ್ತದೆ. ನಮ್ಮ ಏಪ್ರಿಲ್ ಸೆಕೆಗೆ ಕೇಳಬೇಕೇ ಮಾರಾಯ್ರೆ! (ಕಣ್ಣಿನ ಮಂಜು ಒಂದು ದಿನ ಕಳೆದರೂ ಹೋಗದಿದ್ದರೆ ನ್ಯೂರಾಲಜಿಸ್ಟರಿಗೆ ಹೇಳಿ.) ಹಾಗಾಗಿ ಅರ್ಜಿಯಲ್ಲಿ "ಸಹಾನುಭೂತಿ" ಎಂದೆಲ್ಲ ಬರೆಯದೆ, ಬೇಕಾದ್ದನ್ನೇ ಕೇಳಿ: ಎಸಿ ಕೋಣೆಯಲ್ಲಿ ಒಂದು ಮೇಜು, ಬೆಳಗ್ಗೆ 8ರಿಂದ 2ರವರೆಗೆ ಆಫೀಸು, ಉಳಿದ ಟ್ಯಾಲಿ ಕೆಲಸ ಸಂಜೆ ಮನೆಯಿಂದ. ಜಿಎಸ್‌ಟಿ ರಿಟರ್ನಿನ 11 ಮತ್ತು 20ನೇ ತಾರೀಕಿನ ಕೆಲಸ ಹೇಗೆ ಮುಗಿಸುತ್ತೀರೆಂದು ನೀವೇ ಬರೆದುಕೊಡಿ. ಧಣಿಗಳ ನಿಜವಾದ ಹೆದರಿಕೆ ಅಲ್ಲಿರುತ್ತದೆ.

2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ 21 ವೈಕಲ್ಯಗಳಲ್ಲಿ ನಿಮ್ಮ ಕಾಯಿಲೆಯೂ ಇದೆ. ಸರ್ಕಾರಿ ನೌಕರರಾಗಿದ್ದರೆ ಸೇವೆಯ ನಡುವೆ ವೈಕಲ್ಯ ಬಂತೆಂದು ತೆಗೆಯುವಂತಿಲ್ಲ. ಖಾಸಗಿಯಲ್ಲಿ ಅಷ್ಟು ಗಟ್ಟಿ ರಕ್ಷಣೆಯಿಲ್ಲ, ಸುಳ್ಳು ಧೈರ್ಯ ಹೇಳಲಾರೆ. ಆದರೂ ಸಮಾನ ಅವಕಾಶ ನೀತಿ ಪ್ರತಿ ಸಂಸ್ಥೆಗೂ ಕಡ್ಡಾಯ. ಕೊಡುವ ಸೌಲಭ್ಯಗಳನ್ನೂ ಅದರಲ್ಲಿ ಬರೆದಿಡಬೇಕು. ನಿಮ್ಮಲ್ಲಿ ಅದು ಇದೆಯೇ ಎಂದು ಮೆತ್ತಗೆ ಕೇಳಿ ನೋಡಿ.

ಯುಡಿಐಡಿ (ಅಂಗವಿಕಲರ ಗುರುತಿನ) ಕಾರ್ಡಿಗೂ ಸ್ವಾವಲಂಬನ್ ಪೋರ್ಟಲಿನಲ್ಲಿ ಅರ್ಜಿ ಹಾಕಿ. ಹಲವು ಸೌಲಭ್ಯಗಳಿಗೆ 40 ಶೇಕಡಾ ವೈಕಲ್ಯ ಬೇಕು. ಅದನ್ನು ಅಳೆಯುವ ತಪಾಸಣೆ ಬೆಳಗ್ಗೆ ಆದರೆ ಡಾಕ್ಟರಿಗೆ ನೀವು ಚೆನ್ನಾಗಿಯೇ ಕಾಣುತ್ತೀರಿ. ಎಂಆರ್‌ಐ ಜೊತೆ ಮಧ್ಯಾಹ್ನದ ಸ್ಥಿತಿಯ ಬಗ್ಗೆ ನ್ಯೂರಾಲಜಿಸ್ಟರ ಬರಹವೂ ಕೈಯಲ್ಲಿರಲಿ.

ಗಂಡನಿಗೆ ಔಷಧಿಯ ಬಿಲ್ಲು ತೋರಿಸಿ, ಸಂಬಳ ನಿಂತರೆ ಇದನ್ನು ಕಟ್ಟುವುದು ಯಾರೆಂದು ಕೇಳಿ. ಅರ್ಜಿಯನ್ನು ಇಮೇಲಿನಲ್ಲೇ ಕಳಿಸಿ, ಮೂರು ತಿಂಗಳು ಹೀಗೆ ನಡೆಸಿ ನೋಡೋಣ ಎನ್ನಿ.