ಆ ಹುಡುಗಿಯ ಜಾಗಕ್ಕೆ ಇವಳು ಬಂದದ್ದು ಸರಿಯೇ?

ಪ್ರಶ್ನೆ: ಅಕ್ಕಾ, ಮಳೆ ಹಿಡಿದ ಮೇಲೆ ನಾನೂ ನನ್ನ ಅತ್ತೆಯೂ ಸೇರಿ ಒಂದು ಥಾಯ್ ಧಾರಾವಾಹಿ ನೋಡುತ್ತಿದ್ದೇವೆ. ಹೆಸರು ‘ಬುಪ್ಪೇಸನ್ನಿವಾತ್’. ಕೆಳಗೆ ಬರುವ ಇಂಗ್ಲಿಷನ್ನು ನಾನು ಓದಿ ಅತ್ತೆಗೆ ಹೇಳುತ್ತೇನೆ. ಈ ಕಾಲದ ಹುಡುಗಿ ಕೇತ್ಸುರಾಂಗ್ ಕಾರು ಅಪಘಾತದಲ್ಲಿ ಸಾಯುತ್ತಾಳೆ. ಅವಳ ಜೀವ ಮುನ್ನೂರು ವರ್ಷ ಹಿಂದಿನ ಕಾರಾಕೇತ್ ಎಂಬ ಹುಡುಗಿಯ ಮೈ ಸೇರುತ್ತದೆ. ಕಾರಾಕೇತ್‌ಗೆ ಗೊತ್ತು ಮಾಡಿದ್ದ ಗಂಡನ್ನೇ ಇವಳು ಮೆಚ್ಚುತ್ತಾಳೆ. ಅತ್ತೆಗೆ ಅಲ್ಲೇ ಬೇಜಾರು. “ಪಾಪ, ಆ ಹುಡುಗಿ ಎಲ್ಲಿ ಹೋಯ್ತು? ಅವಳ ಮನೆ, ಅವಳ ಬಟ್ಟೆ, ಅವಳ ಗಂಡು, ಎಲ್ಲ ಇವಳು ತಗೊಂಡರೆ ಅನ್ಯಾಯ ಅಲ್ವಾ?” ಎನ್ನುತ್ತಾರೆ. ಏನು ಹೇಳಲಿ?
(ಹೆಸರು ಬೇಡ, ಶಿರಸಿ)

ಉತ್ತರ: ತಂಗಿ, ನಿಮ್ಮ ಅತ್ತೆಗೆ ನನ್ನ ನಮಸ್ಕಾರ ಹೇಳಿ. ಆ ಧಾರಾವಾಹಿಯನ್ನು ನಾನು ಎರಡು ಸಲ ನೋಡಿದ್ದೇನೆ. ಅವರು ಕೇಳಿದ್ದೇ ಅದರ ನಿಜವಾದ ಪ್ರಶ್ನೆ.

ಮೊದಲು ಕಾರಾಕೇತ್ ಬಗ್ಗೆ ಒಂದು ಮಾತು. ಥಾಯ್ ಭಾಷೆಯಲ್ಲಿ ಆ ಹೆಸರಿಗೆ ಕೇದಗೆ ಎಂದು ಅರ್ಥ. ನಮ್ಮ ಕರಾವಳಿಯಲ್ಲಿ ಹಳ್ಳದ ಅಂಚಿಗೆ ಬೆಳೆಯುತ್ತದಲ್ಲ, ಅದೇ ಕೇದಗೆ. ಮೈತುಂಬ ಮುಳ್ಳು, ಒಳಗೆ ಆ ಪರಿಮಳ. ಹುಡುಗಿಯೂ ಹಾಗೇ. ತಂದೆ ತಾಯಿ ಇಲ್ಲದವಳು. ಬೇರೆ ಊರಿನಿಂದ ಬಂದು ಗಂಡಿನ ಮನೆಯಲ್ಲೇ ಇದ್ದವಳು. ಆಳುಗಳನ್ನು ಹೊಡೆಯುವವಳು. ಸಿಟ್ಟಿನಲ್ಲಿ ಇನ್ನೊಬ್ಬಳ ದೋಣಿ ಮಗುಚಿಸಿ ಒಂದು ಜೀವ ಹೋಗಲು ಕಾರಣಳಾದಳು. ಆಮೇಲೆ ಮನೆಯವರು ತಪ್ಪಿತಸ್ಥರನ್ನು ಹಿಡಿಯಲು ‘ಕೃಷ್ಣಕಾಳಿ’ ಮಂತ್ರ ಹೇಳಿಸಿದಾಗ ಅದರ ಹೊಡೆತಕ್ಕೆ ಸತ್ತಳು. ಕೇತ್ಸುರಾಂಗ್ ಬಂದು ಅವಳನ್ನು ಹೊರಗೆ ದೂಡಲಿಲ್ಲ. ಖಾಲಿಯಾದ ಜಾಗಕ್ಕೆ ಬಂದಳು.

ಆದರೆ ನಿಮ್ಮ ಅತ್ತೆಗೆ ಇಷ್ಟು ಸಾಲುವುದಿಲ್ಲ. ನನಗೂ ಸಾಲಲಿಲ್ಲ. ಖಾಲಿ ಜಾಗ ಎಂದು ಸುಮ್ನೆ ಹೋಗಿ ಕೂತುಬಿಡಲು ಆಗುತ್ತದೆಯೇ?

ನನ್ನದೇ ಹೇಳುತ್ತೇನೆ. ನಾನು ಕಾರವಾರದ ಕೋಡಿಬಾಗದವಳು. ಅಂಕೋಲೆಯ ಮನೆಗೆ ಎರಡನೇ ಸಂಬಂಧಕ್ಕೆ ಬಂದೆ. ಮೊದಲಿನಾಕೆ ಹೋಗಿ ಒಂದೂವರೆ ವರ್ಷವಾಗಿತ್ತು. ಮೂರು ವರ್ಷದ ಮಗು ಇತ್ತು. ಬಂದ ತಿಂಗಳಲ್ಲೇ ಮನೆಯ ಉಪ್ಪಿನಕಾಯಿ ಮುಗಿಯಿತು. ಅಟ್ಟದಲ್ಲಿ ಒಂದು ಭರಣಿ ಇದೆ, ಇಳಿಸು ಎಂದರು ಅತ್ತೆ. ಇಳಿಸಿದೆ. ಬಾಯಿಗೆ ಬಿಳಿ ಬಟ್ಟೆ ಕಟ್ಟಿತ್ತು. ಅದರ ಮೇಲೆ ಸಣ್ಣ ಹಗ್ಗ ಮೂರು ಸುತ್ತು, ಕೊನೆಯಲ್ಲಿ ಬಿಗಿಯಾದ ಗಂಟು. ಆ ಗಂಟು ಆಕೆ ಹಾಕಿದ್ದು. ಒಳಗಿನ ಮಿಡಿಯೂ ಆಕೆ ಹಾಕಿದ್ದೇ. ನನಗೆ ಕೈ ಬರಲಿಲ್ಲ. ಭರಣಿ ಮುಂದೆ ಕೂತು ಅತ್ತುಬಿಟ್ಟೆ. ಅತ್ತೆ ಬಂದು ಪಕ್ಕದಲ್ಲಿ ಕೂತರು. “ಬಿಚ್ಚು ಮಗಾ. ಅವಳು ಹಾಕಿದ್ದು ಮನೆಯವರು ಉಣ್ಣಲಿ ಅಂತಲೇ. ನೀನೂ ಮನೆಯವಳೇ” ಎಂದರು. ಮಿಡಿ ಇನ್ನೂ ಗಟ್ಟಿ ಇತ್ತು. ಕಚ್ಚಿದರೆ ಕರುಂ ಎನ್ನುತ್ತಿತ್ತು. ಅಂದಿನಿಂದ ಆಕೆಯ ತಿಥಿಯ ಅಡುಗೆ ನಾನೇ ಮಾಡುತ್ತೇನೆ. ಬೇರೆ ಯಾರಿಗೂ ಬಿಟ್ಟಿಲ್ಲ.

ಹಾಗಾಗಿ ಧಾರಾವಾಹಿಯಲ್ಲಿ ಎಲ್ಲರೂ ಆ ಇಬ್ಬರ ಪ್ರೀತಿ ನೋಡುತ್ತಿದ್ದರೆ ನನ್ನ ಕಣ್ಣು ಬೇರೆ ಕಡೆ ಇತ್ತು. ಕಾರಾಕೇತ್‌ಳ ಆತ್ಮ ಬಂದು ಇವಳಿಗೆ ಕಾಣಿಸಿಕೊಳ್ಳುತ್ತದೆ. ತನ್ನ ಹೆಸರಲ್ಲಿ ಪುಣ್ಯ ಮಾಡು ಎಂದು ಕೇಳುತ್ತದೆ. ಇವಳು ಮಾಡುತ್ತಾಳೆ. ಥಾಯ್ಲೆಂಡಿನ ಬೌದ್ಧರಲ್ಲಿ ಭಿಕ್ಷುಗಳಿಗೆ ದಾನ ಕೊಟ್ಟ ಮೇಲೆ ಒಂದು ಪಾತ್ರೆಯಿಂದ ಇನ್ನೊಂದಕ್ಕೆ ನಿಧಾನ ನೀರು ಬಿಡುವ ಪದ್ಧತಿ ಇದೆ. ಸಿಕ್ಕಿದ ಪುಣ್ಯ ಸತ್ತವರಿಗೆ ಸೇರಲಿ ಎಂದು ನೆನೆಯುತ್ತ ಬಿಡುತ್ತಾರೆ. ನಮ್ಮ ತರ್ಪಣ ನೋಡಿದವರಿಗೆ ಅದನ್ನು ಬಿಡಿಸಿ ಹೇಳಬೇಕಿಲ್ಲ.

ಇನ್ನೊಂದನ್ನೂ ಅತ್ತೆಗೆ ತೋರಿಸಿ. ಕೇತ್ಸುರಾಂಗ್ ಮೊದಲು ಗೆದ್ದದ್ದು ಗಂಡನ್ನಲ್ಲ. ಪಿನ್ ಮತ್ತು ಯೇಮ್ ಎಂಬ ಇಬ್ಬರು ಕೆಲಸದ ಹೆಂಗಸರನ್ನು. ಅವಳು ಬರೀ ಕೈ ಎತ್ತಿದರೂ ಅವರು ಹೆದರಿ ಮುದುಡುತ್ತಿದ್ದರು, ನೆನಪಿದೆಯಾ? ಹೊಡೆತ ತಿಂದು ಅಭ್ಯಾಸ. ಅವರನ್ನು ಕೂರಿಸಿಕೊಂಡು, ಕಾವಲಿಯ ಮೇಲೆ ಮಾಂಸ ಸುಟ್ಟು, ಒಟ್ಟಿಗೆ ತಿನ್ನುತ್ತಾಳೆ. ಆಮೇಲೆ ಗಂಡಿನ ತಾಯಿ ಚಂಪಾ ನಿಧಾನಕ್ಕೆ ಕರಗುತ್ತಾರೆ. ಗಂಡು ಕೊನೆಗೆ. ಈ ಅನುಕ್ರಮ ನನಗೆ ತುಂಬ ಹಿಡಿಸಿತು. ಬೇರೆಯವರ ಮನೆಗೆ ಬಂದವಳು ಆ ಮನೆಯವಳಾಗುವುದು ಅಡುಗೆಮನೆಯ ಕಡೆಯಿಂದಲೇ. ಕಾರಾಕೇತ್ ಹೆಸರಿಗೆ ಅಂಟಿದ್ದ ಭಯವನ್ನು ಇವಳು ತೊಳೆದಳು. ಸತ್ತವಳಿಗೆ ಅದಕ್ಕಿಂತ ಜಾಸ್ತಿ ಏನು ಕೊಡಲು ಆಗುತ್ತದೆ?

ಅನ್ಯಾಯವಲ್ಲ ಎಂದೇ ನನ್ನ ಅನಿಸಿಕೆ. ಅತ್ತೆ ಒಪ್ಪದಿದ್ದರೆ ಬಿಡಿ, ವಾದ ಮಾಡಬೇಡಿ. ಒಟ್ಟು 15 ಕಂತು ಇದೆ, ಪೂರ್ತಿ ನೋಡಲಿ. ಮತ್ತೆ ನೀವು ಓದಿ ಹೇಳುತ್ತಿದ್ದೀರಲ್ಲ, ಅದನ್ನು ನಿಲ್ಲಿಸಬೇಡಿ. ನಮ್ಮ ಅತ್ತೆಗೆ ಕಣ್ಣು ಮಂಜಾದ ಮೇಲೆ ನಾನೂ ದಿನಾ ಪೇಪರ್ ಓದಿ ಹೇಳುತ್ತಿದ್ದೆ.

ಪ್ರಶ್ನೆ: ಅದರಲ್ಲಿ ಬರುವ ರಾಜ, ಗ್ರೀಕ್ ಮಂತ್ರಿ ಎಲ್ಲ ನಿಜವೋ ಕಟ್ಟುಕತೆಯೋ? ಹೆಸರುಗಳು ನಮ್ಮವೇ ಅನಿಸುತ್ತವಲ್ಲ?
(ವಿದ್ಯಾರ್ಥಿನಿ, ಹೊನ್ನಾವರ)

ಉತ್ತರ: ಪ್ರೀತಿಯ ಕತೆ ಕಾದಂಬರಿಯದು. 2018ರಲ್ಲಿ ಧಾರಾವಾಹಿಯಾಯಿತು. ಸುತ್ತಲಿನ ಚರಿತ್ರೆ ಬಹಳಷ್ಟು ನಿಜ. ರಾಜ ನಾರಾಯ್, ಅಂದರೆ ನಾರಾಯಣ, 1656ರಿಂದ 1688ರವರೆಗೆ ಆಳಿದ. ರಾಜಧಾನಿ ಅಯುತ್ಥಯಾ ನಮ್ಮ ಅಯೋಧ್ಯೆಯ ಹೆಸರೇ. ಫಾಲ್ಕನ್ ಎಂಬ ಗ್ರೀಕನೂ ಇದ್ದ, ರಾಜನಿಗೆ ಬಹಳ ಹತ್ತಿರದವನಾಗಿದ್ದ. 1688ರ ದಂಗೆಯಲ್ಲಿ ಅವನನ್ನು ಕೊಂದರು. ಕೋಸಾ ಪಾನ್ ಎಂಬ ರಾಯಭಾರಿ 1686ರಲ್ಲಿ ಫ್ರಾನ್ಸಿಗೆ ಹೋಗಿ ಹದಿನಾಲ್ಕನೇ ಲೂಯಿಯನ್ನು ಕಂಡದ್ದೂ ನಿಜ. ಆ ಕಾಲಕ್ಕೆ ಇಲ್ಲಿ ಕೆಳದಿಯಲ್ಲಿ ಚೆನ್ನಮ್ಮ ಆಳುತ್ತಿದ್ದಳು. ಕಾರವಾರದಲ್ಲಿ ಇಂಗ್ಲಿಷರು ಮೆಣಸು ಕೊಳ್ಳುತ್ತಿದ್ದರು. ಎರಡನ್ನೂ ಒಂದೇ ಹಾಳೆಯಲ್ಲಿ ಬರೆದು ನೋಡಿ, ಪಾಠ ಮರೆಯುವುದಿಲ್ಲ.

ಫಾಲ್ಕನ್‌ನ ಹೆಂಡತಿ ಮರಿಯಾ ಕೂಡ ನಿಜವಾದ ವ್ಯಕ್ತಿ. ಅವಳ ಮೈಯಲ್ಲಿ ಜಪಾನಿ, ಪೋರ್ಚುಗೀಸ್ ರಕ್ತ ಇತ್ತು. ಮೊಟ್ಟೆಯ ಹಳದಿಯನ್ನು ಸಕ್ಕರೆ ಪಾಕದಲ್ಲಿ ದಾರದ ಹಾಗೆ ಬಿಟ್ಟು ಮಾಡುವ ‘ಫೋಯ್ ಥಾಂಗ್’ ಸಿಹಿಯನ್ನು ಅಲ್ಲಿಗೆ ತಂದವಳು ಅವಳೇ ಎನ್ನುತ್ತಾರೆ. ಮೂಲ ಪೋರ್ಚುಗೀಸರದು. ಗೋವಾದ ಬೆಬಿಂಕಾ ಎಂಬ ಸಿಹಿಗೆ ಅಷ್ಟೊಂದು ಮೊಟ್ಟೆಯ ಹಳದಿ ಹಾಕುವುದೂ ಅವರಿಂದಲೇ ಕಲಿತದ್ದು.

ಹೆಸರಿನ ವಿಷಯ. ‘ಬುಪ್ಪೇಸನ್ನಿವಾತ್’ ಪಾಲಿ ಭಾಷೆಯಿಂದ ಬಂದದ್ದು. ಹಿಂದಿನ ಜನ್ಮದಲ್ಲಿ ಒಟ್ಟಿಗೆ ಬಾಳಿದ್ದು ಎಂದು ಅರ್ಥ. ನಾವು ಋಣಾನುಬಂಧ ಎನ್ನುತ್ತೇವೆ. 2023ರಲ್ಲಿ ಬಂದ ಮುಂದಿನ ಭಾಗಕ್ಕೆ ‘ಫ್ರೋಮ್ ಲಿಖಿತ್’ ಎಂದು ಹೆಸರು. ಬ್ರಹ್ಮಲಿಖಿತ. ಅಜ್ಜಿಯನ್ನು ಕೇಳಿ, ಹಣೆಬರಹ ಎಂದು ಹೇಳುತ್ತಾರೆ.

ಪ್ರಶ್ನೆ: ಆ ಧಾರಾವಾಹಿಯಲ್ಲಿ ಮಾವಿನಕಾಯಿಗೆ ಏನೋ ಕಂದು ಬಣ್ಣದ ಗೊಜ್ಜು ಅದ್ದಿ ತಿನ್ನುತ್ತಾರಲ್ಲ. ನೋಡಿ ಬಾಯಲ್ಲಿ ನೀರು ಬಂತು. ಹೇಗೆ ಮಾಡುವುದು?
(ಓದುಗರು, ಕುಮಟಾ)

ಉತ್ತರ: ಅದು ‘ನಾಮ್ ಪ್ಲಾ ವಾನ್’, ಸಿಹಿ ಮೀನಿನ ಸಾಸ್. ಅಲ್ಲಿ ತಾಳೆ ಬೆಲ್ಲವನ್ನು ಮೀನಿನ ಸಾಸಿನ ಜೊತೆ ದಪ್ಪವಾಗುವವರೆಗೆ ಕುದಿಸಿ, ಸಣ್ಣ ಈರುಳ್ಳಿ, ಮೆಣಸಿನಕಾಯಿ, ಒಣ ಸೀಗಡಿ ಹಾಕುತ್ತಾರೆ. ನಾನು ಜೋನಿ ಬೆಲ್ಲದಲ್ಲಿ ಮಾಡಿದೆ. ಅದು ಮೊದಲೇ ನೀರಾಗಿರುವುದರಿಂದ ಐದು ನಿಮಿಷ ಕುದಿಸಿದರೆ ಸಾಕು. ಮೀನಿನ ಸಾಸ್ ಇರಲಿಲ್ಲ, ಉಪ್ಪು ಸ್ವಲ್ಪ ಜಾಸ್ತಿ ಹಾಕಿದೆ. ಒಣ ಸೀಗಡಿಯನ್ನು ತಲೆ ಬಾಲ ತೆಗೆದು, ಹುರಿದು, ಕೈಯಲ್ಲೇ ಪುಡಿ ಮಾಡಿ ಕೊನೆಗೆ ಉದುರಿಸಿ. ಮೀನು ತಿನ್ನದವರು ಅದೊಂದನ್ನು ಬಿಟ್ಟು ಮಾಡಬಹುದು. ಕಾಯಿ ಮಾತ್ರ ಚೆನ್ನಾಗಿ ಹುಳಿ ಇರಬೇಕು. ನಮ್ಮ ಕರಿ ಇಶಾಡು ಮಾವನ್ನು ಇದಕ್ಕೆ ಕೊಯ್ಯಬೇಡಿ, ಅದು ಹಣ್ಣಾಗಲಿ.