ಅಮೆರಿಕದ ಕಾಲೇಜು ಆಟಗಾರರು ದುಡ್ಡಿಗಾಗಿ ಕಾಲೇಜು ಬದಲಿಸುವುದು ನಿಯತ್ತಿಲ್ಲದ ಕೆಲಸವೇ?

ನನಗೆ ಹಾಗನ್ನಿಸುವುದಿಲ್ಲ. ಕೋಚ್‌ಗಳು ಮೊದಲಿನಿಂದಲೂ ಜಾಸ್ತಿ ಸಂಬಳ ಕೊಟ್ಟಲ್ಲಿಗೆ ಹೋಗುತ್ತಲೇ ಇದ್ದಾರೆ. 2021ರಲ್ಲಿ ಅಮೆರಿಕನ್ ಫುಟ್‌ಬಾಲ್ ಕೋಚ್ ಬ್ರಯಾನ್ ಕೆಲ್ಲಿ ನಾಟ್ರ ಡೇಮ್ ವಿಶ್ವವಿದ್ಯಾಲಯ ಬಿಟ್ಟು ಎಲ್‌ಎಸ್‌ಯು (ಲೂಸಿಯಾನಾ ಸ್ಟೇಟ್ ಯೂನಿವರ್ಸಿಟಿ) ಸೇರಿದರು. ಫುಟ್‌ಬಾಲ್ ಆಟಗಾರ ಕಾಲೇಜು ಬದಲಿಸಿದರೆ ಮಾತ್ರ ಸಾಮಾನ್ಯವಾಗಿ ಒಂದು ವರ್ಷ ಆಡದೆ ಕೂರಬೇಕಿತ್ತು. ಆ ನಿಯಮ ಸಡಿಲವಾಗಿದ್ದೇ 2021ರಲ್ಲಿ. ಅದೇ ಜುಲೈನಿಂದ ಆಟಗಾರರು ತಮ್ಮ ಹೆಸರು, ಮುಖ ಬಳಸಿ ಜಾಹೀರಾತಿನಲ್ಲಿ ಸಂಪಾದಿಸಬಹುದು. 2025ರಿಂದ ಕಾಲೇಜುಗಳೇ ನೇರವಾಗಿ ಹಣ ಕೊಡಬಹುದು.

ನಿಜವಾದ ತಲೆನೋವು ಬಾಯಿಮಾತಿನ ಒಪ್ಪಂದಗಳದ್ದು. 2024ರಲ್ಲಿ ಯುಎನ್‌ಎಲ್‌ವಿ (ಲಾಸ್ ವೇಗಸ್‌ನ ನೆವಾಡಾ ವಿಶ್ವವಿದ್ಯಾಲಯ) ಫುಟ್‌ಬಾಲ್ ತಂಡದ ಕ್ವಾರ್ಟರ್‌ಬ್ಯಾಕ್ (ದಾಳಿಯನ್ನು ಮುನ್ನಡೆಸುವ ಆಟಗಾರ) ಮ್ಯಾಥ್ಯೂ ಸ್ಲೂಕಾ ಮೂರು ಪಂದ್ಯ ಆಡಿದ. ಮೂರೂ ಗೆಲುವೇ! ಆಮೇಲೆ ಆಡುವುದನ್ನೇ ನಿಲ್ಲಿಸಿಬಿಟ್ಟ. ಒಂದು ಲಕ್ಷ ಡಾಲರ್ ಕೊಡುತ್ತೇವೆಂದು ಕೈಕೊಟ್ಟರು ಅಂತ ಅವನ ಏಜೆಂಟ್ ಹೇಳಿದ, ಕಾಲೇಜು ಒಪ್ಪಲಿಲ್ಲ. ಮೂರಕ್ಕೇ ನಿಲ್ಲಿಸಿದ್ದು ಸುಮ್ನೆ ಅಲ್ಲ. ಕಾಲೇಜು ತಂಡದಲ್ಲಿ ಇಷ್ಟೇ ವರ್ಷ ಆಡಬಹುದು ಅಂತ ಮಿತಿ ಇದೆ; ಆಗಿನ ನಿಯಮದಂತೆ ನಾಲ್ಕು ಪಂದ್ಯ ದಾಟಿದ್ದರೆ ಆ ವರ್ಷವೂ ಆಡಿದ ಲೆಕ್ಕಕ್ಕೆ ಸೇರುತ್ತಿತ್ತು. ಇದನ್ನು ನಿಯತ್ತು ಅಂತ ನೋಡುವುದಕ್ಕಿಂತ ಸಂಬಳದ ಜಗಳ ಅಂತ ನೋಡುವುದೇ ಸರಿ, ಅಲ್ವಾ?

ನನಗೆ ಅಯ್ಯೋ ಅನ್ನಿಸುವುದು ಬೇರೆಯವರ ಬಗ್ಗೆ. ಇದ್ದ ಕಾಲೇಜು ಬಿಡುತ್ತೇನೆಂದು ಹೆಸರು ಬರೆಸಿ, ಯಾವ ತಂಡವೂ ಕರೆಯದೆ ಸ್ಕಾಲರ್‌ಶಿಪ್ ಕಳೆದುಕೊಳ್ಳುವ ಹುಡುಗರೂ ಇದ್ದಾರೆ.